60 ಸಾವಿರಕ್ಕೆ ಮೊದಲ ಗೇಮಿಂಗ್ ಪಿಸಿ, ಈ ಕೊಟೇಶನ್ ಸರಿ ಇದೆಯಾ?

ಹಾಸನದ_ಹುಡುಗ

ಎಲ್ಲರಿಗೂ ನಮಸ್ಕಾರ. ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೇನೆ. ಮೊದಲ ಸಲ ಪಿಸಿ ಮಾಡಿಸುತ್ತಿದ್ದೇನೆ, ಇದರ ಬಗ್ಗೆ ಹೆಚ್ಚೇನೂ ಗೊತ್ತಿಲ್ಲ. ಒಟ್ಟು 60 ಸಾವಿರ ಇದೆ, ಅದಕ್ಕಿಂತ ಜಾಸ್ತಿ ಆಗಲ್ಲ. ಮಾನಿಟರ್ ಸದ್ಯಕ್ಕೆ ಬೇಡ, ಮನೆಯಲ್ಲಿ 32 ಇಂಚಿನ ಫುಲ್ ಎಚ್‌ಡಿ ಟಿವಿ ಇದೆ. ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2, ಜಿಟಿಎ 5 ಆಡಬೇಕು. ಜೊತೆಗೆ ಕಾಲೇಜಿನ ಕೋಡಿಂಗ್ ಕೆಲಸ.

ಇಲ್ಲಿನ ಒಂದು ಅಂಗಡಿಯಲ್ಲಿ ಕೊಟ್ಟ ಕೊಟೇಶನ್ ಹೀಗಿದೆ: ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, 512 ಎಸ್‌ಎಸ್‌ಡಿ, 500 ವಾಟ್ ಎಸ್‌ಎಂಪಿಎಸ್ (ಎಲ್ಲ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ), ಮುಂದೆ ಗಾಜು ಇರುವ ಆರ್‌ಜಿಬಿ ಕ್ಯಾಬಿನೆಟ್. ನನ್ನ ಬಜೆಟ್‌ಗಿಂತ ಸಾಕಷ್ಟು ಕಡಿಮೆಗೇ ಬರುತ್ತಿದೆ. ಐ7 ಅಂದರೆ ಒಳ್ಳೆಯದೇ ಅಲ್ವಾ? ತಗೊಳ್ಳಲಾ?

ಎಸ್‌ಪಿ_ರೋಡ್_ಓಡಾಟ

ತಗೊಳ್ಳಬೇಡಿ, ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ ಅಂದುಕೊಳ್ಳುತ್ತೇನೆ. ಈ ಕೊಟೇಶನ್‌ನಲ್ಲಿ ಒಂದು ಕಡೆಯೂ ಮಾಡೆಲ್ ನಂಬರ್ ಇಲ್ಲ. "ಐ7" ಅನ್ನುವುದು ಪ್ರೊಸೆಸರ್ ಹೆಸರೇ ಅಲ್ಲ, ಅದು ಸಾಲಿನ ಹೆಸರು. 2011ರಲ್ಲಿ ಬಂದ ಐ7 2600 ಕೂಡ ಐ7. 2022ರಲ್ಲಿ ಬಂದ ಐ3 12100 ಅದನ್ನು ಸುಲಭವಾಗಿ ಹಿಂದೆ ಹಾಕುತ್ತದೆ, ಎರಡರಲ್ಲೂ ನಾಲ್ಕು ಕೋರ್ ಎಂಟು ಥ್ರೆಡ್ ಇದ್ದರೂ. ನಾಲ್ಕಂಕಿ ನಂಬರ್ ಆದರೆ ಮೊದಲ ಅಂಕಿ, ಐದಂಕಿ ಆದರೆ ಮೊದಲ ಎರಡು ಅಂಕಿ, ಅದೇ ಜನರೇಶನ್. ಇಷ್ಟು ಗೊತ್ತಿದ್ದರೆ ಅರ್ಧ ಮೋಸ ತಪ್ಪುತ್ತದೆ.

"4 ಜಿಬಿ ಗ್ರಾಫಿಕ್ಸ್" ಕೂಡ ಹಾಗೇ. ಜಿಟಿ 730 ಅಂತ 2014ರ ಕಾರ್ಡ್ ಇದೆ, ಅದು 4 ಜಿಬಿಯಲ್ಲೂ ಸಿಗುತ್ತದೆ. ಡಿಸ್‌ಪ್ಲೇ ಬರಿಸಲು ಸರಿ, ಗೇಮ್ ಆಡಲು ಅಲ್ಲ. ಅಂಗಡಿಗೆ ಫೋನ್ ಮಾಡಿ ಪ್ರೊಸೆಸರ್, ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್, ಎಸ್‌ಎಂಪಿಎಸ್, ನಾಲ್ಕರದೂ ಕಂಪನಿ ಮತ್ತು ಮಾಡೆಲ್ ನಂಬರ್ ಬರೆದು ಕಳಿಸಲು ಹೇಳಿ. ಕಳಿಸಲ್ಲ ಅಂದರೆ ಅಲ್ಲಿಗೇ ಬಿಡಿ.

ಹಾಸನದ_ಹುಡುಗ

ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರು. ಐ7 2600, ಎಚ್61 ಬೋರ್ಡ್, ಜಿಟಿ 730 4 ಜಿಬಿ. ಎಸ್‌ಎಂಪಿಎಸ್‌ಗೆ "500 ವಾಟ್ ಗೇಮಿಂಗ್" ಅಂತ ಮಾತ್ರ ಬರೆದಿದ್ದಾರೆ. ನೀವು ಹೇಳಿದ ಎರಡೂ ಅದರಲ್ಲೇ ಇವೆ!

ಎಸ್‌ಪಿ_ರೋಡ್_ಓಡಾಟ

ಊಹೆ ಏನಲ್ಲ, ಇದೇ ಜೋಡಿಯನ್ನು ಹೊಸ ಕ್ಯಾಬಿನೆಟ್‌ಗೆ ಹಾಕಿ ಊರೂರಲ್ಲಿ ಮಾರುತ್ತಾರೆ. ಬೋರ್ಡ್ ಹೊಸದಾಗಿ ಕಾಣುತ್ತದೆ, ಪ್ರೊಸೆಸರ್ ಮಾತ್ರ ಹಳೆಯ ಆಫೀಸ್ ಕಂಪ್ಯೂಟರ್‌ಗಳಿಂದ ಬಿಚ್ಚಿದ್ದು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ಜನರೇಶನ್ ಅಥವಾ ಮೇಲೆ ಇರಬೇಕು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂದರೆ ಆ ಪಿಸಿ ತಂದ ದಿನವೇ ಹಳತು. ಇನ್ನೊಂದು ವಿಷಯ, ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಡಲು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಅನ್ನುವ ಪಿಸಿಯ ಭದ್ರತಾ ಸೌಲಭ್ಯ ಎರಡೂ ಬೇಕು. ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಟ್ಟರೂ ನಿಮ್ಮ ಗೇಮ್ ಓಪನ್ ಆಗಲ್ಲ.

ಬಯಲುಸೀಮೆ_ಬಿಲ್ಡರ್

ಈಗ ದುಡ್ಡು ಎಲ್ಲಿ ಹಾಕಬೇಕು ಅಂತ ನೋಡೋಣ. ನಿಖರ ಬೆಲೆ ಬರೆಯಲ್ಲ, ವಾರ ವಾರಕ್ಕೂ ಬದಲಾಗುತ್ತಿದೆ. ಪಾಲು ಮಾತ್ರ ಹೇಳುತ್ತೇನೆ. ಗೇಮಿಂಗ್ ಪಿಸಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಗ್ರಾಫಿಕ್ಸ್ ಕಾರ್ಡ್‌ಗೆ ಹೋಗಬಾರದು, ಸಾಧ್ಯವಾದರೆ 40 ಪರ್ಸೆಂಟ್‌ವರೆಗೂ ಹೋಗಲಿ. ಉಳಿದದ್ದರಲ್ಲಿ ಮಿಕ್ಕಿದ್ದೆಲ್ಲ.

ನಿಮ್ಮ ಬಜೆಟ್‌ಗೆ ಕಾರ್ಡ್ ಅಂದರೆ ಎಎಂಡಿಯ ಆರ್‌ಎಕ್ಸ್ 6600. 2021ರದ್ದು, ಆದರೂ 8 ಜಿಬಿ ಮೆಮೊರಿ ಇದೆ, 132 ವಾಟ್ ಮಾತ್ರ ಎಳೆಯುತ್ತದೆ, ಫುಲ್ ಎಚ್‌ಡಿಗೆ ಇವತ್ತಿಗೂ ಧಾರಾಳವಾಗಿ ಸಾಕು. ಸ್ಟಾಕ್ ಕಡಿಮೆ ಆಗುತ್ತಿದೆ, ಸಿಕ್ಕರೆ ಬಿಡಬೇಡಿ. ಅಂಗಡಿಯವರು ಅದರ ಬದಲು ಆರ್‌ಟಿಎಕ್ಸ್ 3050 ತೋರಿಸುತ್ತಾರೆ. ಅಲ್ಲಿ ಹುಷಾರಾಗಿರಿ. 3050 ಹೆಸರಲ್ಲಿ 8 ಜಿಬಿಯದೂ ಇದೆ, 6 ಜಿಬಿಯದೂ ಇದೆ. ವ್ಯತ್ಯಾಸ ಬರೀ ಮೆಮೊರಿ ಅಲ್ಲ, 6 ಜಿಬಿಯದರಲ್ಲಿ ಕೋರ್‌ಗಳೂ ಕಡಿಮೆ, ಮೆಮೊರಿಗೆ ಡೇಟಾ ಹೋಗಿಬರುವ ದಾರಿಯೂ (ಬಸ್) ಚಿಕ್ಕದು. ಹೆಸರು ಒಂದೇ ಇಟ್ಟಿದ್ದು ಗ್ರಾಹಕರಿಗೆ ಮಾಡಿದ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. 8 ಜಿಬಿಯ 3050 ಕೂಡ ಗೇಮ್‌ಗಳಲ್ಲಿ 6600ಕ್ಕಿಂತ ಹಿಂದೆಯೇ. ಆರ್‌ಎಕ್ಸ್ 6500 ಎಕ್ಸ್‌ಟಿ ಕಡೆ ನೋಡಲೇಬೇಡಿ, 4 ಜಿಬಿ ಮಾತ್ರ, ಬೋರ್ಡ್ ಜೊತೆ ಡೇಟಾ ಸಾಗುವ ದಾರಿ, ಅಂದರೆ ಪಿಸಿಐಇ ಲೇನ್ ಕೂಡ ನಾಲ್ಕೇ, ಹಳೆಯ ಬೋರ್ಡ್‌ನಲ್ಲಿ ಇನ್ನೂ ನಿಧಾನ ಆಗುತ್ತದೆ.

ಪ್ರೊಸೆಸರ್ ಎಎಂಡಿಯ ರೈಜೆನ್ 5 5600 ಅಥವಾ ಇಂಟೆಲ್‌ನ ಐ5 12400ಎಫ್. ಎರಡೂ ಆರು ಕೋರ್, ಹನ್ನೆರಡು ಥ್ರೆಡ್. ಬೋರ್ಡ್ ಸೇರಿಸಿ ಯಾವುದು ಕಡಿಮೆಗೆ ಬೀಳುತ್ತದೋ ಅದು. ಎಫ್ ಅಂತ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ, 5600ರಲ್ಲೂ ಇಲ್ಲ, ಕಾರ್ಡ್ ಇಲ್ಲದೆ ಪರದೆಗೆ ಏನೂ ಬರಲ್ಲ. ಇಂಟೆಲ್ ತಗೊಂಡರೆ ಬೋರ್ಡ್ ಡಿಡಿಆರ್4 ಅಥವಾ ಡಿಡಿಆರ್5 ಯಾವುದಕ್ಕೆ ಅಂತ ನೋಡಿ ರ‍್ಯಾಮ್ ತಗೊಳ್ಳಿ, ಒಂದರ ಸ್ಲಾಟ್‌ಗೆ ಇನ್ನೊಂದು ಕೂರಲ್ಲ. ಎಎಂಡಿಯಲ್ಲಿ ಬಿ550 ಬೋರ್ಡ್ ಸಿಕ್ಕರೆ ಒಳ್ಳೆಯದು. ಬಿ450 ಆದರೂ ನಡೆಯುತ್ತದೆ, ಆದರೆ ಹಳೆಯ ಸ್ಟಾಕ್ ಆಗಿದ್ದರೆ 5000 ಸರಣಿಗೆ ಬಯಾಸ್ (ಬೋರ್ಡಿನ ಒಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಆಗಿರಬೇಕು. ಅಂಗಡಿಯಲ್ಲೇ ಮಾಡಿಸಿಕೊಳ್ಳಿ.

ತುಂಗಾತೀರ

ನನ್ನದು ಬೇರೆ ಮಾತು. ಈಗಲೇ ಕಾರ್ಡ್ ಯಾಕೆ? ರೈಜೆನ್ 5 5600ಜಿ ತಗೊಳ್ಳಲಿ. ಒಳಗೇ ಗ್ರಾಫಿಕ್ಸ್ ಇದೆ, ಸೆಟ್ಟಿಂಗ್ ಕಡಿಮೆ ಮಾಡಿದರೆ ವ್ಯಾಲೊರಂಟ್ ಚೆನ್ನಾಗಿಯೇ ಓಡುತ್ತದೆ, ಜಿಟಿಎ 5 ಕೂಡ ಆಡಬಹುದು. ಸುಮ್ನೆ ಎಲ್ಲಾ ದುಡ್ಡು ಒಂದೇ ಸಲ ಸುರಿಯುವ ಬದಲು ಮುಂದಿನ ವರ್ಷ ಕಾರ್ಡ್ ಹಾಕಿಕೊಳ್ಳಲಿ. ವಿದ್ಯಾರ್ಥಿಗಳಿಗೆ ಇದೇ ಸರಿ.

ಬಯಲುಸೀಮೆ_ಬಿಲ್ಡರ್

30, 35 ಸಾವಿರದ ಬಜೆಟ್ ಆಗಿದ್ದರೆ ನಾನೂ ಇದನ್ನೇ ಹೇಳುತ್ತಿದ್ದೆ. ಇವರ ಹತ್ತಿರ 60 ಇದೆ. 5600ಜಿಯಲ್ಲಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿ, 5600ರಲ್ಲಿ 32 ಎಂಬಿ. 5600ಜಿಯಲ್ಲಿ ಪಿಸಿಐಇ ಕೂಡ ಮೂರನೇ ಜನರೇಶನ್‌ಗೆ ನಿಲ್ಲುತ್ತದೆ. ಮುಂದೆ ಕಾರ್ಡ್ ಹಾಕಿದಾಗಲೂ ಆ ಕೊರತೆ ಉಳಿಯುತ್ತದೆ. ಕೌಂಟರ್ ಸ್ಟ್ರೈಕ್ 2 ಆಡುವವರಿಗೆ ಕ್ಯಾಶ್ ಮುಖ್ಯ. ಒಳಗಿನ ಗ್ರಾಫಿಕ್ಸ್‌ಗೆ ಬೇರೆ ಮೆಮೊರಿ ಇಲ್ಲ, ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಹಾಗಾಗಿ 16 ಜಿಬಿಯಲ್ಲಿ ಗೇಮ್‌ಗೆ ಸಿಗುವುದು ಅಷ್ಟಕ್ಕಿಂತ ಕಡಿಮೆ.

ತುಂಗಾತೀರ

ಒಪ್ಪುತ್ತೇನೆ, 60ರಲ್ಲಿ ಕಾರ್ಡ್ ಬರುತ್ತದೆ ಅಂದರೆ ಕಾರ್ಡೇ ಸರಿ. ಆದರೆ ಇದನ್ನು ಓದುತ್ತಿರುವ, 35 ಸಾವಿರ ಮಾತ್ರ ಇರುವವರು ಜಿಟಿ 730 ಜೊತೆಗಿನ ಹಳೆಯ ಐ7 ತಗೊಳ್ಳುವ ಬದಲು 5600ಜಿ ತಗೊಳ್ಳಲಿ. ಅದರ ಒಳಗಿನ ಗ್ರಾಫಿಕ್ಸ್ ಆ ಕಾರ್ಡ್‌ಗಿಂತ ಎಷ್ಟೋ ಮೇಲು. ಒಂದು ಷರತ್ತು, ರ‍್ಯಾಮ್ ಎರಡು ಸ್ಟಿಕ್ ಇರಲೇಬೇಕು. ಒಂದೇ 16 ಜಿಬಿ ಸ್ಟಿಕ್ ಹಾಕಿದರೆ ಒಳಗಿನ ಗ್ರಾಫಿಕ್ಸ್ ಬಳಲಿ ಹೋಗುತ್ತದೆ, ಎರಡು 8 ಜಿಬಿ ಹಾಕಿದರೆ ಡ್ಯುಯಲ್ ಚಾನೆಲ್ ಸಿಗುತ್ತದೆ.

ಹಳೇಬೋರ್ಡ್_ಪ್ರೇಮಿ

ರ‍್ಯಾಮ್ ಅಂದಮೇಲೆ ಒಂದು ಮಾತು. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್ ಹೋಗುತ್ತಿದೆ, ತಯಾರಿಸುವ ಕಂಪನಿಗಳಿಗೆ ಅಲ್ಲೇ ಲಾಭ. ಮೈಕ್ರಾನ್ ತನ್ನ ಕ್ರೂಷಿಯಲ್ ಬ್ರ್ಯಾಂಡನ್ನು ಗ್ರಾಹಕರ ಮಾರುಕಟ್ಟೆಯಿಂದ ತೆಗೆಯುವುದಾಗಿ 2025ರ ಡಿಸೆಂಬರ್‌ನಲ್ಲಿ ಹೇಳಿತು. ಎಸ್‌ಎಸ್‌ಡಿಗೂ ಇದರ ಬಿಸಿ ತಟ್ಟಿದೆ. ಅದಕ್ಕೇ ಹೇಳುವುದು, ಯೂಟ್ಯೂಬ್‌ನಲ್ಲಿ ಎರಡು ವರ್ಷ ಹಿಂದಿನ "50 ಸಾವಿರದ ಬಿಲ್ಡ್" ನೋಡಿ ಅದೇ ಬೆಲೆ ಸಿಗುತ್ತದೆ ಅಂದುಕೊಳ್ಳಬೇಡಿ.

ಉಳಿಸುವ ದಾರಿ ಇದೆ. ಡಿಡಿಆರ್4 ರ‍್ಯಾಮ್ ಸೆಕೆಂಡ್ ಹ್ಯಾಂಡ್ ತಗೊಳ್ಳಲು ನಾನು ಹೆದರಲ್ಲ. ಅದರಲ್ಲಿ ಸವೆಯುವ ಭಾಗ ಇಲ್ಲ, ಕೆಟ್ಟಿದ್ದರೆ ಮೆಮ್‌ಟೆಸ್ಟ್ ಒಂದು ರಾತ್ರಿ ಓಡಿಸಿದರೆ ಬಹುಪಾಲು ಗೊತ್ತಾಗುತ್ತದೆ. ಡೆಸ್ಕ್‌ಟಾಪ್ ಸ್ಟಿಕ್ಕೇ ಅಂತ ನೋಡಿ, ಲ್ಯಾಪ್‌ಟಾಪಿನದು ಗಿಡ್ಡ ಇರುತ್ತದೆ. ಎಸ್‌ಎಂಪಿಎಸ್ ಮತ್ತು ಹಾರ್ಡ್ ಡಿಸ್ಕ್ ಮಾತ್ರ ಯಾವತ್ತೂ ಸೆಕೆಂಡ್ ಹ್ಯಾಂಡ್ ಬೇಡ.

ಹಳೆಯ ಗ್ರಾಫಿಕ್ಸ್ ಕಾರ್ಡ್ ತಗೊಳ್ಳುವವರು ಮಾರುವವರ ಮನೆಯಲ್ಲೇ ಗೇಮ್ ಅಥವಾ ಫರ್‌ಮಾರ್ಕ್ (ಕಾರ್ಡ್ ಪರೀಕ್ಷಿಸುವ ಸಾಫ್ಟ್‌ವೇರ್) ಅರ್ಧ ಗಂಟೆ ಓಡಿಸಿ ನೋಡಬೇಕು. ಪರದೆಯ ಮೇಲೆ ಚುಕ್ಕಿ, ಗೆರೆ ಬಂದರೆ ಎದ್ದು ಬನ್ನಿ. ಆರ್‌ಎಕ್ಸ್ 580 ಕಡಿಮೆಗೆ ಸಿಗುತ್ತದೆ ಅಂತ ಹೋಗುವವರು ಜಿಪಿಯು-ಜೆಡ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಶೇಡರ್ (ಕಾರ್ಡಿನ ಕೋರ್) ಎಷ್ಟು ಅಂತ ನೋಡಿ. ಅಸಲಿಗೆ 2304 ಇರಬೇಕು, 2048 ತೋರಿಸಿದರೆ ಅದು ಚೀನಾ ಮಾರುಕಟ್ಟೆಗೆ ಮಾಡಿದ ಕಡಿಮೆ ಶಕ್ತಿಯ ಕಾರ್ಡ್. ಜಿಟಿಎಕ್ಸ್ 1060, 1070 ಥರದ್ದು ಇನ್ನು ಬೇಡ, ಆ ಸರಣಿಗೆ ಹೊಸ ಗೇಮ್ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸಿತು.

ಹಾಸನದ_ಹುಡುಗ

ತುಂಬಾ ಥ್ಯಾಂಕ್ಸ್. ಎರಡು ಪ್ರಶ್ನೆ. ಕಾಲೇಜಿನಲ್ಲಿ ಮುಂದೆ ಮಷೀನ್ ಲರ್ನಿಂಗ್ ವಿಷಯ ಬರುತ್ತದೆ, ಎಎಂಡಿ ಕಾರ್ಡ್ ತಗೊಂಡರೆ ತೊಂದರೆನಾ? ಮತ್ತೆ ಎಸ್‌ಎಂಪಿಎಸ್ ಬಗ್ಗೆ ಯಾರೂ ಹೇಳಲಿಲ್ಲ. ಕಡಿಮೆ ಬೆಲೆಯ 500 ವಾಟ್ ಸಾಕಾಗಲ್ವಾ?

ಎಸ್‌ಪಿ_ರೋಡ್_ಓಡಾಟ

ಮೊದಲನೆಯದಕ್ಕೆ ಉತ್ತರ: ಕೋರ್ಸ್‌ನಲ್ಲಿ CUDA (ಎನ್‌ವಿಡಿಯಾ ಕಾರ್ಡ್‌ಗಳಿಗೆ ಅಂತಲೇ ಇರುವ ಪ್ರೋಗ್ರಾಮಿಂಗ್ ವ್ಯವಸ್ಥೆ) ಬೇಕೇ ಬೇಕು ಅಂತಿದ್ದರೆ ಎನ್‌ವಿಡಿಯಾ ಕಾರ್ಡ್. ಆಗ ಬಿಲ್ ಇರುವ, ವಾರಂಟಿ ಉಳಿದಿರುವ ಆರ್‌ಟಿಎಕ್ಸ್ 3060 12 ಜಿಬಿ ಸೆಕೆಂಡ್ ಹ್ಯಾಂಡ್ ಹುಡುಕಿ. ಬರೀ ಅಸೈನ್‌ಮೆಂಟ್ ಮಟ್ಟ ಆದರೆ ಗೂಗಲ್ ಕೊಲ್ಯಾಬ್‌ನಲ್ಲಿ ಉಚಿತವಾಗಿ ಆಗುತ್ತದೆ, ಅದಕ್ಕಾಗಿ ಗೇಮಿಂಗ್ ಬಜೆಟ್ ಕೆಡಿಸಬೇಡಿ.

ಹುಬ್ಬಳ್ಳಿ_ರಿಪೇರಿ

ಎಸ್‌ಎಂಪಿಎಸ್ ಪ್ರಶ್ನೆಗೆ ನಾ ಹೇಳ್ತೀನಿ ತಮ್ಮಾ. ರಿಪೇರಿಗೆ ಬರುವ ಪಿಸಿಗಳಲ್ಲಿ ಕಣ್ಣೀರು ಹಾಕಿಸುವುದು ಇದೇ ಭಾಗ. ಅದು ಒಂದೇ ಕೆಟ್ಟರೆ ಪರವಾಗಿಲ್ಲ, ಹೋಗುವಾಗ ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ತೆಗೆದುಕೊಂಡು ಹೋಗುತ್ತದೆ.

ಡಬ್ಬಿ ಮೇಲಿನ 500 ನೋಡಬೇಡ, ಪಕ್ಕದ ಲೇಬಲ್ ನೋಡು. ಅಲ್ಲಿ 12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪ್ ಅಂತ ಬರೆದಿರುತ್ತದೆ. ಅದನ್ನು 12ರಿಂದ ಗುಣಿಸು. ಒಳ್ಳೆಯ 550 ವಾಟಿನದರಲ್ಲಿ ಸುಮಾರು 45 ಆಂಪ್ ಇರುತ್ತದೆ, ಅಂದರೆ 540 ವಾಟ್. ಹೆಸರಿಲ್ಲದ 500 ವಾಟಿನದರಲ್ಲಿ ಬಹಳ ಸಲ ಇದರ ಅರ್ಧದಷ್ಟೂ ಇರಲ್ಲ. ಪ್ರೊಸೆಸರ್ ಮತ್ತು ಕಾರ್ಡ್ ಎರಡೂ 12 ವೋಲ್ಟಿನಿಂದಲೇ ಕುಡಿಯುವುದು. 5600 ಹೆಚ್ಚೆಂದರೆ 76 ವಾಟ್, ಕಾರ್ಡ್ 132, ಉಳಿದದ್ದೆಲ್ಲ ಸೇರಿದರೂ 300 ದಾಟಲ್ಲ. ಒಳ್ಳೆಯ ಕಂಪನಿಯ 550 ವಾಟ್ ಸಾಕು, ಮುಂದೆ ಕಾರ್ಡ್ ಬದಲಿಸುವ ಆಸೆ ಇದ್ದರೆ 650.

80 ಪ್ಲಸ್ ಬ್ರಾಂಜ್ ಅಂತ ಇದ್ದರೆ ಒಳ್ಳೆಯದು, ಆದರೆ ಅದು ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನುವ ಲೆಕ್ಕ ಮಾತ್ರ. ಓವರ್ ವೋಲ್ಟೇಜ್, ಓವರ್ ಕರೆಂಟ್, ಶಾರ್ಟ್ ಸರ್ಕ್ಯೂಟ್ ರಕ್ಷಣೆ ಇದೆಯಾ ಅಂತ ಬೇರೆಯಾಗಿ ನೋಡಬೇಕು. ಐದು ವರ್ಷ ವಾರಂಟಿ ಕೊಡುವುದನ್ನೇ ತಗೋ. ವಾರಂಟಿ ಉದ್ದ ಇದ್ದರೆ ಕಂಪನಿಗೇ ತನ್ನ ಮಾಲಿನ ಮೇಲೆ ನಂಬಿಕೆ ಇದೆ ಅಂತ ಅರ್ಥ. ಕ್ಯಾಬಿನೆಟ್ ಜೊತೆಗೆ ಫ್ರೀ ಬರುವ ಎಸ್‌ಎಂಪಿಎಸ್ ಬೇಡವೇ ಬೇಡ.

ಇನ್ನೊಂದು, ಪಿಸಿ ಇಡುವ ಕಡೆ ಅರ್ಥಿಂಗ್ ಇದೆಯಾ? ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅಂದರೆ ಇಲ್ಲ ಅಂತಲೇ ಲೆಕ್ಕ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಸರಿ ಮಾಡಿಸು, ಆಮೇಲೆ ಪಿಸಿ ಆನ್ ಮಾಡು. ಇದರಲ್ಲಿ ಮಾತ್ರ ಉದಾಸೀನ ಬೇಡ.

ಕರಾವಳಿ_ಕರೆಂಟು

ನಮ್ಮ ಕಡೆಯಿಂದ ಒಂದು ಸೇರಿಸುತ್ತೇನೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮಂಗಳೂರು, ಪುತ್ತೂರು ಕಡೆ ಎಷ್ಟು ಟಿವಿ, ರೂಟರ್ ಹೋಗುತ್ತವೆ ಅಂತ ಇಲ್ಲಿಯವರಿಗೆ ಗೊತ್ತು. ಮೋಡ ಕಟ್ಟಿದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಲ್ಯಾನ್ ಕೇಬಲ್ ಕೂಡ. ಎಲ್ಲರೂ ಅದನ್ನು ಮರೆಯುತ್ತಾರೆ, ರೂಟರ್‌ಗೆ ಹೊಡೆದದ್ದು ಅದರ ಮೂಲಕ ಬೋರ್ಡ್‌ಗೆ ಬರುತ್ತದೆ.

ಯುಪಿಎಸ್ ತಗೊಳ್ಳುವುದಾದರೆ 600 ವಿಎ ಅಂದರೆ ಸಾಮಾನ್ಯವಾಗಿ 360 ವಾಟ್. ಆಟದ ಮಧ್ಯೆ ಕರೆಂಟ್ ಹೋದರೆ ಸೇವ್ ಮಾಡಿ ಆಫ್ ಮಾಡುವಷ್ಟು ಸಮಯ ಸಿಗುತ್ತದೆ, ಆಡುತ್ತಾ ಕೂರಲು ಅಲ್ಲ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದೆಯಾ ನೋಡಿ. ಆ ಮೋಡ್‌ನಲ್ಲಿ ಬದಲಾಗುವುದು ಬೇಗ, ಪಿಸಿ ರೀಸ್ಟಾರ್ಟ್ ಆಗುವ ಸಾಧ್ಯತೆ ಕಡಿಮೆ.

ಹೊಸಬ_87

ಇಷ್ಟೆಲ್ಲ ತಲೆನೋವು ಯಾಕೆ, 60 ಸಾವಿರಕ್ಕೆ ಗೇಮಿಂಗ್ ಲ್ಯಾಪ್‌ಟಾಪ್ ಬರುತ್ತದೆ ಅಲ್ವಾ?

ಬಯಲುಸೀಮೆ_ಬಿಲ್ಡರ್

ಹಾಸ್ಟೆಲ್‌ನಲ್ಲಿ ಇರುವವರಿಗೆ ಲ್ಯಾಪ್‌ಟಾಪೇ ಸರಿ. ಮನೆಯಲ್ಲಿ ಇರುವವರಿಗೆ ಅಲ್ಲ. ಲ್ಯಾಪ್‌ಟಾಪಿನ ಕಾರ್ಡ್ ಹೆಸರು ಡೆಸ್ಕ್‌ಟಾಪಿನದೇ ಇದ್ದರೂ ಶಕ್ತಿ ಕಡಿಮೆ, ಬಿಸಿ ಜಾಸ್ತಿ, ನಾಳೆ ಕಾರ್ಡ್ ಬದಲಿಸಲು ಆಗಲ್ಲ. ಡೆಸ್ಕ್‌ಟಾಪ್‌ನಲ್ಲಿ ಒಂದು ಭಾಗ ಕೆಟ್ಟರೆ ಅದೊಂದನ್ನೇ ಬದಲಿಸಬಹುದು.

ಹಾಸನದ_ಹುಡುಗ

ಬೆಂಗಳೂರಿಗೆ ಹೋಗಿ ಎಸ್‌ಪಿ ರೋಡ್‌ನಲ್ಲಿ ತಂದೆ. ರೈಜೆನ್ 5 5600, ಬಿ550 ಬೋರ್ಡ್, ಆರ್‌ಎಕ್ಸ್ 6600, 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, 550 ವಾಟ್ ಬ್ರಾಂಜ್ ಎಸ್‌ಎಂಪಿಎಸ್, ಮುಂದೆ ಜಾಲರಿ ಇರುವ ಸಾದಾ ಕ್ಯಾಬಿನೆಟ್. ರ‍್ಯಾಮ್ ಎರಡು 8 ಜಿಬಿ ಸ್ಟಿಕ್, ಸೀನಿಯರ್ ಹತ್ತಿರ ಸೆಕೆಂಡ್ ಹ್ಯಾಂಡ್. 60ರ ಒಳಗೇ ಆಯಿತು. ಅಂಗಡಿಯಲ್ಲಿ ಜೋಡಿಸಿಕೊಡುತ್ತೇವೆ ಅಂದರು, ನಾನೇ ಮಾಡುತ್ತೇನೆ ಅಂತ ತಂದೆ. ಎಲ್ಲಿಂದ ಶುರು ಮಾಡಲಿ?

ಹಳೇಬೋರ್ಡ್_ಪ್ರೇಮಿ

ಒಳ್ಳೆಯ ನಿರ್ಧಾರ. ಬೋರ್ಡನ್ನು ಅದರ ರಟ್ಟಿನ ಡಬ್ಬಿಯ ಮೇಲೆ ಇಟ್ಟು ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್ ಎಲ್ಲ ಹೊರಗೇ ಹಾಕಿ. ಕ್ಯಾಬಿನೆಟ್ ಒಳಗೆ ಕೈ ಹೋಗಲ್ಲ. ಪ್ರೊಸೆಸರ್ ಮೂಲೆಯ ಚಿನ್ನದ ತ್ರಿಕೋನ, ಸಾಕೆಟ್ ಮೂಲೆಯ ತ್ರಿಕೋನ ಎರಡೂ ಸೇರಬೇಕು. ನಿಮ್ಮ ಬೋರ್ಡಿನದು ಎಎಂ4 ಸಾಕೆಟ್, ಅದರಲ್ಲಿ ಪಿನ್ ಇರುವುದು ಪ್ರೊಸೆಸರ್‌ನಲ್ಲಿ. ಲಿವರ್ ಎತ್ತಿ ಮೆಲ್ಲಗೆ ಇಟ್ಟರೆ ತಾನೇ ಇಳಿಯುತ್ತದೆ, ಒತ್ತಲೇಬಾರದು. ಜೊತೆಗೆ ಬಂದಿರುವ ಕೂಲರ್‌ನ ತಳದಲ್ಲಿ ಪೇಸ್ಟ್ ಹಚ್ಚಿರುತ್ತದೆ, ಬೇರೆ ಬೇಡ. ಅದನ್ನು ಬೆರಳಲ್ಲಿ ಮುಟ್ಟಬೇಡಿ. ನಾಲ್ಕು ಸ್ಕ್ರೂ ಒಂದೇ ಸಲ ಪೂರ್ತಿ ಬಿಗಿಯಬೇಡಿ, ಎದುರುಬದುರು ಮೂಲೆಗೆ ಸ್ವಲ್ಪ ಸ್ವಲ್ಪ ಬಿಗಿಯುತ್ತಾ ಬನ್ನಿ.

ನಾಲ್ಕು ಸ್ಲಾಟ್ ಇದ್ದರೆ ರ‍್ಯಾಮ್ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದು. ಟಕ್ ಅನ್ನುವ ತನಕ ಒತ್ತಿ. ಐಒ ಶೀಲ್ಡ್ (ಹಿಂದಿನ ಪೋರ್ಟ್‌ಗಳ ಸುತ್ತ ಕೂರುವ ತಗಡು) ಬೇರೆಯಾಗಿ ಬಂದಿದ್ದರೆ ಬೋರ್ಡ್‌ಗಿಂತ ಮೊದಲು ಕ್ಯಾಬಿನೆಟ್‌ಗೆ ಕೂರಿಸಿ, ಆಮೇಲೆ ನೆನಪಾದರೆ ಎಲ್ಲ ಬಿಚ್ಚಬೇಕು. ಬೋರ್ಡ್ ಕೆಳಗೆ ಹಿತ್ತಾಳೆಯ ಸ್ಟ್ಯಾಂಡ್‌ಆಫ್‌ಗಳು ಬೋರ್ಡಿನ ತೂತುಗಳಿಗೆ ಸರಿಯಾಗಿ ಇರಬೇಕು. ತೂತು ಇಲ್ಲದ ಕಡೆ ಒಂದು ಉಳಿದರೆ ಶಾರ್ಟ್ ಆಗಬಹುದು. 24 ಪಿನ್ ಕೇಬಲ್ ಬೋರ್ಡ್‌ಗೆ, ಮೇಲಿನ ಎಡ ಮೂಲೆಯ 8 ಪಿನ್ ಪ್ರೊಸೆಸರ್‌ಗೆ, 6+2 ಅಂತ ಎರಡು ತುಂಡಾಗಿರುವುದು ಗ್ರಾಫಿಕ್ಸ್ ಕಾರ್ಡ್‌ಗೆ. ಪವರ್ ಬಟನ್‌ನ ಸಣ್ಣ ವೈರ್‌ಗಳು ಎಲ್ಲಿ ಅಂತ ಬೋರ್ಡಿನ ಪುಸ್ತಕದಲ್ಲಿ ಚಿತ್ರ ಇದೆ. ಸ್ವಿಚ್ ವೈರ್ ಉಲ್ಟಾ ಆದರೂ ನಡೆಯುತ್ತದೆ, ಎಲ್‌ಇಡಿಯದು ಉಲ್ಟಾ ಆದರೆ ದೀಪ ಹತ್ತಲ್ಲ ಅಷ್ಟೇ.

ಹಾಸನದ_ಹುಡುಗ

ಎಲ್ಲ ಜೋಡಿಸಿದೆ. ಫ್ಯಾನ್ ತಿರುಗುತ್ತಿದೆ, ಟಿವಿಯಲ್ಲಿ ನೋ ಸಿಗ್ನಲ್. ಕೈಕಾಲು ಆಡುತ್ತಿಲ್ಲ.

ಹುಬ್ಬಳ್ಳಿ_ರಿಪೇರಿ

ಗಾಬರಿ ಬೇಡ ತಮ್ಮಾ. ಎಚ್‌ಡಿಎಂಐ ಎಲ್ಲಿ ಚುಚ್ಚಿದ್ದಿ? ಬೋರ್ಡ್‌ನಲ್ಲಿ ಇರುವ ಪೋರ್ಟ್‌ಗೆ ಹಾಕಿದ್ದರೆ ಬರಲ್ಲ, 5600ರಲ್ಲಿ ಗ್ರಾಫಿಕ್ಸ್ ಇಲ್ಲ. ಕೆಳಗೆ ಅಡ್ಡವಾಗಿ ಇರುವ ಕಾರ್ಡಿನ ಪೋರ್ಟ್‌ಗೆ ಹಾಕು. ಅಲ್ಲೂ ಬರದಿದ್ದರೆ ಆಫ್ ಮಾಡಿ, ಪ್ಲಗ್ ಕಿತ್ತು, ರ‍್ಯಾಮ್ ಎರಡೂ ತೆಗೆದು ಒಂದೇ ಸ್ಟಿಕ್ ಹಾಕಿ ನೋಡು. ಬೋರ್ಡ್ ಮೇಲೆ ಸಣ್ಣ ದೀಪಗಳ ಪಕ್ಕ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ಇದ್ದರೆ ಯಾವುದು ಹತ್ತಿಕೊಂಡೇ ಇದೆ ಹೇಳು.

ಹಾಸನದ_ಹುಡುಗ

ಬಂತು! ಕಾರ್ಡ್‌ಗೆ ಹಾಕಿದ ತಕ್ಷಣ ಬಂತು. ವಿಂಡೋಸ್ 11 ಹಾಕುತ್ತಿದ್ದೇನೆ. ಆಮೇಲೆ ಏನಾದರೂ ಸೆಟ್ಟಿಂಗ್ ಮಾಡಬೇಕಾ?

ಬಯಲುಸೀಮೆ_ಬಿಲ್ಡರ್

ಅಭಿನಂದನೆಗಳು! ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಡಿಒಸಿಪಿ ಆನ್ ಮಾಡಿ, ಇಲ್ಲದಿದ್ದರೆ 3200ರ ರ‍್ಯಾಮ್ 2133 ಅಥವಾ 2400ರಲ್ಲೇ ಓಡುತ್ತಿರುತ್ತದೆ. ಅಲ್ಲೇ ಎಫ್‌ಟಿಪಿಎಂ ಆನ್, ಸಿಎಸ್‌ಎಂ ಆಫ್, ಸೆಕ್ಯೂರ್ ಬೂಟ್ ಆನ್, ವ್ಯಾಲೊರಂಟ್‌ಗೆ ಬೇಕಾದ್ದು ಇದೇ. ಕಾರ್ಡಿನ ಡ್ರೈವರ್ ಎಎಂಡಿ ವೆಬ್‌ಸೈಟಿನಿಂದಲೇ ಹಾಕಿ. ಟಿವಿಯಲ್ಲಿ ಗೇಮ್ ಮೋಡ್ ಇದ್ದರೆ ಆನ್ ಮಾಡಿ, ಮೌಸ್ ತಡವಾಗಿ ಓಡುವುದು ಕಡಿಮೆ ಆಗುತ್ತದೆ. ಮುಂದೆ 144 ಹರ್ಟ್ಸ್ ಮಾನಿಟರ್ ತಂದಾಗ ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 144 ಅಂತ ನೀವೇ ಆರಿಸಬೇಕು, ಎಷ್ಟೋ ಸಲ ಅದು 60ಕ್ಕೇ ನಿಂತಿರುತ್ತದೆ.

ಪ್ರೊಸೆಸರ್ ಬಿಸಿ ಆಟದ ಸಮಯದಲ್ಲಿ 70, 80 ಬಂದರೆ ಹೆದರಬೇಡಿ, 5600ಕ್ಕೆ ಮಿತಿ 90. ಎಲ್ಲ ಭಾಗಗಳ ಡಬ್ಬಿ ಮತ್ತು ಜಿಎಸ್‌ಟಿ ಬಿಲ್ ಎತ್ತಿಡಿ, ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆದಿದ್ದಾರಾ ಅಂತ ಇವತ್ತೇ ನೋಡಿ. ಇಲ್ಲದಿದ್ದರೆ ಅಂಗಡಿಗೆ ಮೆಸೇಜ್ ಹಾಕಿ ಬರೆಸಿಕೊಳ್ಳಿ, ವಾರಂಟಿಗೆ ಹೋದಾಗ ಮೊದಲು ಕೇಳುವುದು ಅದನ್ನೇ.